ಬೆಟ್ಟದ ಬುಡದಲ್ಲಿ ಪುಟ್ಟರಾಜುವಿನ ಗುಡಾರ

ಪಾಂಡವಪುರದ ಬೀಜ-ಗೊಬ್ಬರದ ಅಂಗಡಿ ಪುಟ್ಟರಾಜು ಒಂದು ಮಾತು ಆಡಿದನೆಂದರೆ ಆಡಿದ. ಆಡಿದ್ದನ್ನು ವಾಪಸ್ಸು ತೆಗೆದುಕೊಳ್ಳುವುದು ಅವನ ವಂಶದಲ್ಲೇ ಇಲ್ಲ. ಆಡುವ ಮುಂಚೆ ಯೋಚಿಸುವುದೂ ಆ ವಂಶದಲ್ಲಿ ಇಲ್ಲ ಎನ್ನುತ್ತಾಳೆ ಹೆಂಡತಿ ಪ್ರಮೀಳಾ. ಅವಳು ನಾಗಮಂಗಲದ ಕಡೆಯವಳು, ಅವಳ ಮಾತನ್ನು ಅಲ್ಲಿಗೇ ಬಿಡೋಣ.

ಈ ಸಲ ಮಾತು ಹೊರಟಿದ್ದು ಪ್ರಮೀಳಾಳ ತಮ್ಮ ಸಿದ್ದಾರ್ಥನ ದೆಸೆಯಿಂದ. ಅವನು ರಾಜಸ್ಥಾನದ ಮರಳುಗಾಡಿನಲ್ಲೂ ಹಿಮಾಚಲದ ಬೆಟ್ಟದಲ್ಲೂ ಗುಡಾರ ಹಾಕಿ ಮಲಗಿ ಬಂದಿದ್ದ. ಬಂದವನು ಸುಮ್ಮನಿರಬೇಕೋ ಬೇಡವೋ? ಅಕ್ಕನ ಮನೆಯಲ್ಲಿ ಬಾಡೂಟ ಉಂಡು, ಕೈ ತೊಳೆದು, ಮೊಬೈಲು ತೆಗೆದು ಫೋಟೋ ತೋರಿಸಲು ಕೂತ. ಮರಳು, ಒಂಟೆ, ಗುಡಾರ, ಗುಡಾರದ ಮುಂದೆ ಸಿದ್ದಾರ್ಥ. ಹಿಮ, ದೇವದಾರು, ಗುಡಾರ, ಗುಡಾರದ ಮುಂದೆ ಮತ್ತೆ ಸಿದ್ದಾರ್ಥ.

"ಇದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಎಂದ ಪುಟ್ಟರಾಜು. "ನಮ್ ಕುಂತಿಬೆಟ್ಟ ಏನ್ ಕಮ್ಮಿಯಾಗದೆ? ಬೆಟ್ಟದ ಬುಡದಲ್ಲೇ ನಮ್ ಹೊಲ. ಅಲ್ಲಿ ನಿಂತ್ಕಂಡು ತಲೆ ಎತ್ತಿದ್ರೆ ಬಂಡೆ ಮೈಮೇಲೇ ಬಂದಂಗೆ ಕಾಣ್ತದೆ. ನಿನ್ ಹಿಮಾಚಲನ ನಿವಾಳಿಸಿ ಬಿಸಾಕ್ಬೇಕು."

"ಬೆಟ್ಟ ಚೆನ್ನಾಗೇ ಐತೆ ಭಾವ. ನಿಮ್ಮ ಕೈಲೇ ಆಗಲ್ಲ. ಟವಲ್ಲು ಎಲ್ಲೈತೆ ಅಂತ ಬಚ್ಚಲಿಂದ ಅಕ್ಕನಿಗೆ ಫೋನ್ ಮಾಡೋರು ನೀವು."

ಅದು ನಿಜ. ನಿಜವಾದ್ದರಿಂದಲೇ ಪುಟ್ಟರಾಜುವಿಗೆ ಉರಿದುಹೋಯಿತು. ಬರುವ ಭಾನುವಾರ ಹೊಲದಲ್ಲಿ ಒಬ್ಬನೇ ಗುಡಾರ ಹಾಕುತ್ತೇನೆ, ಒಬ್ಬನೇ ಬೇಯಿಸಿಕೊಂಡು ಉಣ್ಣುತ್ತೇನೆ, ಸೋಮವಾರ ಹೊತ್ತು ಮೂಡುವ ತನಕ ಪ್ರಮೀಳಾಗೆ ಫೋನು ಮಾಡುವುದಿಲ್ಲ ಎಂದು ಘೋಷಿಸಿದ. ಮಾಡಿದರೆ? ಮಾಡಿದರೆ, 'ಹೆಂಡತಿ ಇಲ್ಲದೆ ನನಗೆ ಒಂದು ಹೊತ್ತೂ ಸಾಗುವುದಿಲ್ಲ' ಎಂದು ಬರುವ ಹಬ್ಬಕ್ಕೆ ಮಾವನ ಮನೆಯಲ್ಲಿ ನಾಲ್ಕು ಜನರ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕು. ಮೀಸೆ ಹೊತ್ತ ಅಳಿಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಪುಟ್ಟರಾಜು ಮೀಸೆ ತಿರುವಿಯೇ ಒಪ್ಪಿಕೊಂಡ.

"ನನ್ನದೇನೂ ಅಭ್ಯಂತರ ಇಲ್ಲ," ಎಂದಳು ಪ್ರಮೀಳಾ. "ಒಂದಿನ ನೆಮ್ಮದಿಯಾಗಿ ಕಾಲು ಚಾಚ್ಕಂಡು ಇರ್ತೀನಿ."

ಗುಡಾರ ಕೊರಿಯರಿನಲ್ಲಿ ಬಂತು. ಮೊದಲು ನಡುಮನೆಯಲ್ಲಿ ತಾಲೀಮು ನಡೆಯಿತು. ಬಾಗಿಸಿದ ಕಡ್ಡಿ ಕೈತಪ್ಪಿ ನೆಟ್ಟಗಾಗಿ ಫ್ಯಾನಿನ ಒಂದು ರೆಕ್ಕೆಯನ್ನು ಸೊಟ್ಟ ಮಾಡಿತು. ಅಂದಿನಿಂದ ಆ ಫ್ಯಾನು ಕುಂಟುತ್ತಲೇ ತಿರುಗುತ್ತದೆ. ಆದರೆ ಗುಡಾರ ನಿಂತಿತಲ್ಲ, ಪುಟ್ಟರಾಜುವಿಗೆ ಅಷ್ಟು ಸಾಕಾಯಿತು.

ಭಾನುವಾರ ಬೆಳಿಗ್ಗೆ ಸಾದಿಕ್ ತನ್ನ ಲಗೇಜು ಆಟೋದಲ್ಲಿ ಅವನನ್ನು ಹೊಲದ ಹತ್ತಿರ ಇಳಿಸಿದ. "ಅಣ್ಣ, ಮನೇಲಿ ಏನಾದ್ರೂ ಜಗಳಾನಾ?" ಎಂದು ಮೆಲ್ಲಗೆ ಕೇಳಿದ. ಇದು ಕ್ಯಾಂಪಿಂಗು ಎಂದು ಪುಟ್ಟರಾಜು ಬಿಡಿಸಿ ಹೇಳಿದ. "ಅಲ್ಲಾ ಒಳ್ಳೇದು ಮಾಡ್ಲಿ ಬುಡಣ್ಣ," ಎಂದು ಸಾದಿಕ್ ನಿಟ್ಟುಸಿರು ಬಿಟ್ಟು ಹೋದ.

ಹೊಂಗೆಮರದ ಕೆಳಗೆ ಕಿತ್ತಳೆ ಬಣ್ಣದ ಗುಡಾರ ಎದ್ದು ನಿಂತಿತು. ಹಿಂದೆ ಕುಂತಿಬೆಟ್ಟ, ಬದುವಿನ ಉದ್ದಕ್ಕೂ ಸೊಗಡು ಬೀರುವ ಅವರೆ, ಆಚೆಗೆ ಕಬ್ಬು. ಪುಟ್ಟರಾಜುವಿನ ಎದೆ ಉಬ್ಬಿತು. ಹುಟ್ಟಿದಾಗಿನಿಂದ ನೋಡಿದ ಬೆಟ್ಟ, ಇವತ್ತು ತಾನೇ ಕಟ್ಟಿಸಿದ ಹಾಗೆ ಕಂಡಿತು. ಒಂದು ಫೋಟೋ ಹೊಡೆದು ಸಿದ್ದಾರ್ಥನಿಗೆ ಕಳಿಸಿ, ಕೆಳಗೆ 'ಎಲ್ಲಿ ನಿನ್ನ ಒಂಟೆ?' ಎಂದು ಬರೆದ.

ಮಧ್ಯಾಹ್ನ ಹಸಿವಾಯಿತು. ಜೊತೆಗೆ ತಂದಿದ್ದ ಅಂಗೈಯಗಲದ ಗ್ಯಾಸ್ ಒಲೆ ಬೆಟ್ಟದ ಗಾಳಿಗೆ ಹತ್ತಲೇ ಇಲ್ಲ. ಹೋಗಲಿ ಎಂದು ಮೂರು ಕಲ್ಲು ಹೂಡಿ, ಸಿಕ್ಕಿದ ಹಸಿ ತೆಂಗಿನ ಗರಿ ತುರುಕಿ ಬೆಂಕಿ ಹಚ್ಚಿದ. ಬೆಂಕಿ ಬರಲಿಲ್ಲ. ಹೊಗೆ ಮಾತ್ರ ಬೆಟ್ಟದ ನೆತ್ತಿಯವರೆಗೆ ಹೋಯಿತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ಊರಾಚೆ ಮರದ ಬುಡದಲ್ಲಿ ಗುಡಾರ ಕಟ್ಟಿ ಹೊಗೆ ಎಬ್ಬಿಸಿದರೆ ಅದು ಪರ. ಹರಕೆ ಹೊತ್ತವರು ಬಯಲಲ್ಲಿ ಒಲೆ ಹೂಡಿ, ದೇವರಿಗೆ ಎಡೆ ಇಟ್ಟು, ದಾರಿಹೋಕರನ್ನೂ ಕೂರಿಸಿ ಬಡಿಸುವ ಊಟ. ಪರಕ್ಕೆ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ, ಹೊಗೆ ಕಂಡರೆ ಸಾಕು.

ಮೊದಲು ಬಂದವಳು ಆಡು ಮೇಯಿಸುತ್ತಿದ್ದ ಬೆಟ್ಟಮ್ಮ. "ಯಾರ್ದಪ್ಪ ಪರ?"

"ಪರ ಅಲ್ಲ ಕಣಜ್ಜಿ. ನಾನೊಬ್ನೇ. ಸುಮ್ಕೆ ಬೆಟ್ಟ ನೋಡ್ಕಂಡು ಇರಾನ ಅಂತ."

"ಸುಮ್ಕೆ ಬೆಟ್ಟ ನೋಡ್ಕಂಡಾ? ಯಾರ ಮಗ ಕಣಪ್ಪ ನೀನು?"

"ನಂಜಪ್ಪನ ಮಗ."

"ಓ, ನಂಜಪ್ಪನ ಮಗನಾ? ದೊಡ್ಡ ಮನ್ಸ ಕಣ್ಮಗ ನಿಮ್ಮಪ್ಪ. ಒಂದೇ ಮುದ್ದೆ ಇದ್ರೂ ಬಂದೋರ್ಗೆ ಅರ್ಧ ಮುರ್ದು ಕೊಟ್ಟೇ ಉಣ್ಣೋನು. ಆಯ್ತು, ಬತ್ತೀನಿ." ಮುದುಕಿ ಕೋಲೂರಿ ಎದ್ದಳು.

ಪುಟ್ಟರಾಜು ಆಗ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಪ್ಪನ ಹೆಸರು ಕಿವಿಗೆ ಬಿದ್ದ ಮೇಲೆ ಬಾಯಿ ಅವನ ಹಿಡಿತದಲ್ಲಿ ಇರಲಿಲ್ಲ. "ಎಲ್ಲಿಗೋಯ್ತೀಯಜ್ಜಿ, ಉಂಡ್ಕಂಡೇ ಹೋಗ್ಬೇಕು," ಎಂದುಬಿಟ್ಟ.

ಈ ಮಾತನ್ನು ನಮ್ಮಲ್ಲಿ ಎಲ್ಲರಿಗೂ ಹೇಳುತ್ತಾರೆ. ಹೇಳಿಸಿಕೊಂಡವರು 'ಈಗ ತಾನೆ ಉಂಡೆ ಕಣಪ್ಪ' ಎಂದು ಹೊರಟುಬಿಡಬೇಕು. ಬೆಟ್ಟಮ್ಮ ಹೊರಡಲಿಲ್ಲ. "ಅಂಗಂತೀಯಾ? ಆಗ್ಲಿ ಬುಡು," ಎಂದು ಅಲ್ಲೇ ಕೂತಳು. ಕೂತವಳು ಕಬ್ಬಿನ ಗದ್ದೆಯ ಕಡೆ ತಿರುಗಿ ಕೂಗು ಹಾಕಿದಳು. "ಬನ್ರಲಾ, ನಂಜಪ್ಪನ ಮಗ ಊಟಕ್ಕಿಕ್ತಾವ್ನೆ."

ಕಬ್ಬು ಕಡಿಯುತ್ತಿದ್ದವರು ಮಚ್ಚು ಕೆಳಗಿಟ್ಟು ಬಂದರು. ಅವರ ಹಿಂದೆ ಕಳೆ ಕೀಳುತ್ತಿದ್ದ ಹೆಂಗಸರು ಬಂದರು. ಬೆಟ್ಟ ಹತ್ತಿ ಇಳಿದ ಯಾರೋ ಮೈಸೂರಿನವರೂ ಬೂಟು ಬಿಚ್ಚಿ ಸಾಲಿನಲ್ಲಿ ಕೂತರು. ಬೆಟ್ಟಮ್ಮ ಪುಟ್ಟರಾಜುವಿನ ಮಲಗುವ ಚೀಲವನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂತು, ಬಾಳೆ ಎಲೆ ಕುಯ್ಯಲು ಇಬ್ಬರನ್ನು ಅಟ್ಟಿದಳು.

ಪುಟ್ಟರಾಜುವಿನ ಹತ್ತಿರ ಇದ್ದದ್ದು ಎರಡು ಪೊಟ್ಟಣ ನೂಡಲ್ಸು. ಅವನು ಗುಡಾರದೊಳಕ್ಕೆ ತೆವಳಿ ಜಿಪ್ಪು ಎಳೆದುಕೊಂಡ. ಫೋನು ಮಾಡಿದರೆ ತನ್ನ ಮಾನ ಹೋಗುತ್ತದೆ. ಮಾಡದಿದ್ದರೆ ಅಪ್ಪನ ಮಾನ ಹೋಗುತ್ತದೆ. ಅವನಿಗೆ ಅಳು ಬಂದಂತಾಯಿತು. ತನ್ನದು ಹೋದರೂ ಹೋಗಲಿ ಎಂದು ಕೊನೆಗೆ ಫೋನು ತೆಗೆದ.

"ಹೇಳಿ, ಏನ್ ಸಿಕ್ತಿಲ್ಲ?" ಎಂದಳು ಪ್ರಮೀಳಾ.

"ಏನಿಲ್ಲ. ಸುಮ್ನೆ ಮಾಡ್ದೆ."

"ಎಲೆ ಎಲ್ಲಲಾ ಅಂತ ಯಾರೋ ಕೂಗ್ತಾವ್ರೆ. ಊಟಕ್ಕೆ ಕರುದ್ರಾ?"

"ಬಾಯಿಗೆ ಬಂದ್ಬುಡ್ತು ಕಣೇ."

"ಒಲೆ ಮೇಲೇನೈತೆ?"

"ನೀರು."

ಫೋನು ಕಟ್ಟಾಯಿತು. ಸ್ವಲ್ಪ ಹೊತ್ತಿಗೆಲ್ಲ ಸಾದಿಕನ ಆಟೋ ಬಂತು. ಅದರಲ್ಲಿ ಪ್ರಮೀಳಾ, ರಾಗಿಹಿಟ್ಟು, ಕೊಪ್ಪರಿಗೆ, ಮಸಾಲೆಯ ಡಬ್ಬಿ, ಮತ್ತು ಹಲ್ಲು ಕಿರಿಯುತ್ತಿದ್ದ ಸಿದ್ದಾರ್ಥ. ಪ್ರಮೀಳಾ ಸೆರಗು ಸಿಕ್ಕಿಸಿ ಇಳಿದದ್ದೇ ತಡ, ಹೆಂಗಸರು ಅವರೆಕಾಯಿ ಕಿತ್ತು ಬಿಡಿಸಿದರು. ಒಣ ಸೌದೆ ಬಂತು. ಒಲೆ ಹತ್ತಿತು. ಹಿಟ್ಟು ತಿರುವುವ ಪಾಳಿ ಸಿದ್ದಾರ್ಥನಿಗೆ ಬಂತು. ಹಿಮಾಚಲದಲ್ಲಿ ಅವನಿಗೆ ಇಷ್ಟು ಬೆವರು ಬಂದಿರಲಿಕ್ಕಿಲ್ಲ.

ಸಾಲಿನ ಎಲೆಗಳಿಗೆಲ್ಲ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಿತ್ತು. ಬೆಟ್ಟದ ನೆರಳಲ್ಲಿ ಅಷ್ಟು ಜನ ತನ್ನ ಹೊಲದಲ್ಲಿ ಕೂತು ಉಣ್ಣುವುದನ್ನು ನೋಡಿ ಪುಟ್ಟರಾಜುವಿಗೆ ಹೆಮ್ಮೆ ತಡೆಯಲಾಗಲಿಲ್ಲ. ಇನ್ನು ಹಬ್ಬದ ತನಕ ಯಾಕೆ ಕಾಯುವುದು? ಸಾರಿನ ಸೌಟು ಹಿಡಿದೇ ನಡುವೆ ನಿಂತು ಗಂಟಲು ಸರಿಮಾಡಿಕೊಂಡ.

"ಕೇಳ್ರಪ್ಪ ಎಲ್ರೂವೆ. ನನ್ ಹೆಂಡ್ತಿ ಇಲ್ದೆ ನಂಗೆ ಒಂದೊತ್ತೂ ಸಾಗಲ್ಲ."

ಸಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ. "ಅದು ನೋಡುದ್ರೇ ತಿಳೀತದೆ ಕಣ್ಮಗ," ಎಂದಳು ಬೆಟ್ಟಮ್ಮ. "ಸಾರು ಬುಡು."

ಹೊತ್ತು ಇಳಿಯುವಾಗ ಎಲ್ಲರೂ ಹರಸಿ ಹೋದರು. ಸಿದ್ದಾರ್ಥ ಕೈಯ ಬೊಬ್ಬೆ ಊದಿಕೊಳ್ಳುತ್ತ ಆಟೋ ಹತ್ತಿದ. ಬೆಟ್ಟದ ಬಂಡೆಗಳ ಮೇಲೆ ಕೊನೆಯ ಬಿಸಿಲು ಇತ್ತು. ಪ್ರಮೀಳಾ ಗುಡಾರದೊಳಗೆ ಇಣುಕಿದಳು, ಆಮೇಲೆ ನುಸುಳಿದಳು, ಆಮೇಲೆ ಕಾಲು ಚಾಚಿ ಮಲಗಿದಳು. "ಅಯ್ಯ, ಎಷ್ಟ್ ಚೆನ್ನಾಗೈತ್ರೀ ಇದು," ಎಂದಳು. ಅವಳ ದನಿಯಲ್ಲಿ ಇಂಥ ಸುಖವನ್ನು ಪುಟ್ಟರಾಜು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ಅವನೂ ನಗುತ್ತ ಬಗ್ಗಿ, "ವಸಿ ಸರ್ಕೋ," ಎಂದ.

ಜಿಪ್ಪು ಅವನ ಮೂಗಿನ ತುದಿಯವರೆಗೆ ಬಂದು ನಿಂತಿತು.

"ಒಬ್ರೇ ಇದ್ರೇನೇ ಅಲ್ವಾ ಕ್ಯಾಂಪಿಂಗು?" ಎಂದಳು ಪ್ರಮೀಳಾ ಒಳಗಿನಿಂದ. "ಕೊಪ್ಪರಿಗೆ ಅಲ್ಲೈತೆ, ಬೂದಿ ಒಲೇಲೈತೆ. ಉಜ್ಜಿಡಿ. ಹೊತ್ತು ಮೂಡೋಗಂಟ ನನ್ನ ಯಾರೂ ಕೂಗಂಗಿಲ್ಲ."