ಅರ್ಬಾಬರ ಸ್ಕೋಪುಗಳು ಮತ್ತು ನಮ್ಮ ಮೇಡಂ

ಹೊಟ್ಟೆಕಿಚ್ಚು ನನ್ನ ಹತ್ತಿರ ಸುಳಿಯುವುದಿಲ್ಲ ಎಂದೇ ನಾನು ಬಹಳ ಕಾಲ ನಂಬಿದ್ದೆ. ದೋಹಾದಂಥ ಊರಿನಲ್ಲಿ ಈ ನಂಬಿಕೆ ಉಳಿಸಿಕೊಳ್ಳುವುದು ಸುಲಭವಲ್ಲ. ನನ್ನ ಜೊತೆ ಉಳ್ಳಾಲದಿಂದ ಬಂದವರು ಎರಡೆರಡು ಅಂಗಡಿ ಇಟ್ಟರು, ಮನೆಯಷ್ಟು ದೊಡ್ಡ ಗಾಡಿ ಕೊಂಡರು. ನಾನು ಅಲ್ ಮನ್ಸೂರಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ 'ಅವರವರ ನಸೀಬು' ಎಂದು ನೆಮ್ಮದಿಯಾಗಿ ಚಹಾ ಕುಡಿದವನು. ಅಂಥವನಿಗೆ ಕೊನೆಗೂ ಕಿಚ್ಚು ಹತ್ತಿದ್ದು ಯಾರ ಮೇಲೆ ಎಂದು ಹೇಳಲು ನಾಚಿಕೆಯಾಗುತ್ತದೆ. ನನ್ನ ಸ್ವಂತ ಹೆಂಡತಿ ಮುಮ್ತಾಜಳ ಮೇಲೆ!

ನಾನು ಕೆಲಸ ಮಾಡುವುದು ಅಲ್ ಗರಾಫಾದ ಒಬ್ಬ ಹಿರಿಯ ಕತಾರಿ ವ್ಯಾಪಾರಿಯ ಬಳಿ. ಯಜಮಾನರನ್ನು ಇಲ್ಲಿ ಅರ್ಬಾಬ್ ಎನ್ನುವುದು ರೂಢಿ. ನಮ್ಮ ಅರ್ಬಾಬರಿಗೆ ಹಳೆಯ ಸೈನ್ಯಗಳ ರೈಫಲ್ ಸ್ಕೋಪುಗಳನ್ನು ಕೂಡಿಡುವ ಹುಚ್ಚು. ಬಂದೂಕು ಒಂದೂ ಇಲ್ಲ. ಅದರ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನು ಮಾತ್ರ. ಅವನ್ನು ಮರದ ಪೀಠಗಳ ಮೇಲೆ, ಆಯಾ ಕಾಲದ ಲೋಹದ ಬಳೆಗಳಲ್ಲೇ ಬಿಗಿದು ನಿಲ್ಲಿಸಬೇಕು. ಒಳಗೆ ಕಾಣುವ ಅಡ್ಡಗೆರೆ, ಉದ್ದಗೆರೆ ಕೂದಲೆಳೆಯಷ್ಟೂ ವಾಲಬಾರದು. ಈ ಕೆಲಸ ಹನ್ನೊಂದು ವರ್ಷಗಳಿಂದ ನನ್ನದು. ಆಫೀಸಿನಲ್ಲಿ ನನಗಿದ್ದ ಮರ್ಯಾದೆಯೆಲ್ಲ ಆ ಸ್ಕೋಪುಗಳ ಕಪಾಟಿನ ಬೀಗದ ಕೈಯಲ್ಲೇ ಇತ್ತು.

ಒಮ್ಮೆ ಕೆಲಸ ಮುಗಿಯದೆ ಒಂದು ಸ್ಕೋಪನ್ನು ಮನೆಗೆ ತಂದೆ. ಕಿಟಕಿ ಹತ್ತಿರ ಬ್ಲೌಸು ಹೊಲಿಯುತ್ತಿದ್ದ ಮುಮ್ತಾಜ್ ಎದ್ದು ಬಂದು ಅದರೊಳಗೆ ಇಣುಕಿದಳು.

"ಇದೆಂತ, ಗೆರೆ ಓರೆ ಉಂಟಲ್ಲ?"

"ಅದು ಯುದ್ಧದಲ್ಲಿದ್ದ ಸಾಮಾನು. ಹಾಗೇ ಇರುವುದು."

"ಯುದ್ಧಕ್ಕೆ ಹೋದ್ರೆ ಗೆರೆ ಓರೆ ಆಗ್ಬೇಕಾ ಮಾರಾಯ್ರೆ?"

ಗೋಡೆಯ ಮೊಳೆಗೆ ಕಪ್ಪು ನೂಲು ಕಟ್ಟಿ, ತುದಿಗೆ ಕತ್ತರಿ ತೂಗುಬಿಟ್ಟಳು. ನೂಲು ನೆಟ್ಟಗೆ ನಿಂತಿತು. ಪೀಠವನ್ನು ಮೇಜಿನ ಮೇಲೆ ಸಮನಾಗಿಟ್ಟು, ಬಳೆಯ ಸ್ಕ್ರೂ ಸಡಿಲಿಸಿ, ಒಳಗಿನ ಗೆರೆ ನೂಲಿನ ಮೇಲೆ ಕೂರುವವರೆಗೆ ಸ್ಕೋಪಿನ ಕೊಳವೆ ತಿರುಗಿಸಿದಳು. ಸ್ಕ್ರೂಗಳನ್ನು ಇದನ್ನಿಷ್ಟು, ಅದನ್ನಿಷ್ಟು ಎಂದು ಸರದಿಯಲ್ಲಿ ಬಿಗಿದಳು. "ಒಂದನ್ನೇ ಎಳೆದ್ರೆ ಬಟ್ಟೆಯೂ ಸುಕ್ಕು ಬೀಳ್ತದೆ" ಎಂದು ಮತ್ತೆ ಹೊಲಿಗೆಗೆ ಕುಳಿತಳು.

ಮರುದಿನ ಅರ್ಬಾಬ್ ಅದರಲ್ಲಿ ಒಮ್ಮೆ ಕಣ್ಣಿಟ್ಟು, ಕಣ್ಣುಜ್ಜಿಕೊಂಡು ಮತ್ತೆ ಕಣ್ಣಿಟ್ಟರು. "ಯೇ ಕೌನ್ ಕಿಯಾ?" ಎಂದು ತಮ್ಮ ಹರಕು ಹಿಂದಿಯಲ್ಲಿ ಕೇಳಿದರು. ನಾನು ಹೆಮ್ಮೆಯಿಂದ ನಿಜ ಹೇಳಿದೆ. ಅದೇ ನಾನು ಮಾಡಿದ ತಪ್ಪು. ಅಂದಿನಿಂದ ನಾನು ಬಿಗಿದದ್ದನ್ನೆಲ್ಲ ಬಿಚ್ಚಿ "ಮೇಡಂ ಕೋ ದೋ, ಯಲ್ಲಾ!" ಎಂದು ಅವಸರಿಸತೊಡಗಿದರು. ಮೇಡಂಗೆ ಖರ್ಜೂರ ಬಂತು, ಮೇಡಂಗೆ ಸಲಾಂ ಬಂತು. ಸ್ಕೋಪು ಹೊತ್ತು ಓಡಾಡುವುದಷ್ಟೇ ನನಗೆ ಉಳಿಯಿತು. "ಮೆಲ್ಲ ಹಿಡೀರಿ, ಬೀಳ್ತದೆ" ಎಂದು ಬಾಗಿಲಲ್ಲಿ ಮುಮ್ತಾಜಳ ಬುದ್ಧಿಮಾತು ಬೇರೆ.

ಒಂದು ಶುಕ್ರವಾರ ಅವಳು ಅಲ್ ಸದ್ದ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ಅರ್ಬಾಬರ ಅತಿ ಹಳೆಯ ಹಿತ್ತಾಳೆ ಸ್ಕೋಪು ಮೇಜಿನ ಮೇಲಿತ್ತು. ನಾನೇನು ಕಡಿಮೆ ಎಂದು ನೂಲು ಕಟ್ಟಿದೆ, ಗೆರೆ ಕೂರಿಸಿದೆ, ಬಿಗಿದೆ. ಭದ್ರವಾಗಿರಲಿ ಎಂದು ಸ್ಕ್ರೂಗಳನ್ನು ಇನ್ನೊಂದು ಸುತ್ತು ತಿರುಗಿಸಿದೆ. ಕೊಳವೆ ನೆಗ್ಗಿಹೋಯಿತು.

ಮರುದಿನ ಅರ್ಬಾಬ್ ಆ ತಗ್ಗಿನ ಮೇಲೆ ಬೆರಳಾಡಿಸಿ "ಕೌನ್?" ಎಂದರು. ನನ್ನ ನಾಲಿಗೆ ನನ್ನನ್ನು ಕೇಳದೆಯೇ "ಮೇಡಂ" ಎಂದುಬಿಟ್ಟಿತು. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಬೈಯಲಿಲ್ಲ. ಒಳಗಿನಿಂದ ಒಂದು ಬಾಟಲಿ ಊದ್ ಅತ್ತರು ತಂದು "ಮೇಡಂ ಕೋ ದೋ" ಎಂದರು.

ಮುಮ್ತಾಜ್ ಬಾಟಲಿ ನೋಡಿ "ಇದು ಯಾಕೆ?" ಎಂದಾಗ ಹೇಳದೆ ವಿಧಿಯಿರಲಿಲ್ಲ. ಅವಳು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ನನ್ನ ಕೈಗೆ ಒಂದು ಹೆಸರು ಅಂತ ಬಂದದ್ದು ಇದೇ ಮೊದಲು. ಅದನ್ನು ತೆಗೀಬೇಡಿ. ನಾಳೆ ಹೋಗಿ ನಿಜ ಹೇಳಿ, ಇದನ್ನು ವಾಪಸ್ ಕೊಟ್ಟು ಬನ್ನಿ."

ಕೆಲಸ ಖಲಾಸ್ ಎಂದುಕೊಂಡೇ ಮರುದಿನ ಅರ್ಬಾಬರ ಮುಂದೆ ನಿಂತೆ. ತಪ್ಪು ಒಪ್ಪಿಕೊಂಡು ಅತ್ತರು ಮೇಜಿನ ಮೇಲಿಟ್ಟೆ. ಅವರು ನಕ್ಕರು.

"ಮಾಲೂಮ್. ಮೇಡಂ ಐಸಾ ನಹೀ ಕರ್ತಾ."

ಅಂದರೆ ಮೇಡಂ ಹೀಗೆ ಮಾಡುವವಳಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು! ಹಾಗಾದರೆ ಈ ಅತ್ತರು ಯಾಕೆ ಎಂದು ಕೇಳಿದೆ. ಅದು ಸ್ಕೋಪಿಗಲ್ಲವಂತೆ. ನನ್ನಂಥವನ ಜೊತೆ ಇಷ್ಟು ವರ್ಷ ಬಾಳಿದ್ದಕ್ಕಂತೆ.

ಕೆಲಸ ಉಳಿಯಿತು, ಬೀಗದ ಕೈಯೂ ಉಳಿಯಿತು, ಅತ್ತರು ಮತ್ತೆ ಮನೆಗೇ ಬಂತು. ಮನೆಯೆಲ್ಲ ಈಗ ಘಮಘಮ ಎನ್ನುತ್ತದೆ. ನನಗೆ ಮಾತ್ರ ಒಂದು ವಿಷಯ ಇನ್ನೂ ಅರಗಿಲ್ಲ. ನೆಗ್ಗಿಸಿದ್ದು ನಾನೇ ಎಂದಾಗ ಆ ಮನುಷ್ಯ ಬಾಯಿಮಾತಿಗಾದರೂ ಒಮ್ಮೆ "ನೀನಾ?" ಎಂದು ಆಶ್ಚರ್ಯಪಡಬಾರದಿತ್ತೇ?