ಡ್ರೈವಿಂಗ್ ಮೇಷ್ಟ್ರ ಪ್ಯಾಂಟು ಒದ್ದೆಯಾದದ್ದು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಅತ್ತೆಗೆ ಆ ಫೋನು ಮಾಡದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು. ಅವರನ್ನು ನೋಡಿಕೊಳ್ಳಲು ಹೆಂಡತಿ ತವರಿಗೆ ಹೋಗಿ ತಿಂಗಳಾಗಿತ್ತು. ಮೂರು ತುಂಬಿದ ಮಗಳು ಗುಬ್ಬಿ ಅಪ್ಪನ ಪಾಲಿಗೆ ಬಂದಿದ್ದಳು. ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದವರನ್ನು ಹೆದ್ದಾರಿಗೆ ಹತ್ತಿಸಿದ ಮನುಷ್ಯನಿಗೆ ಒಂದು ಮಗುವಿಗೆ ಒಂದಕ್ಕೆ, ಎರಡಕ್ಕೆ ಬಂದರೆ ಹೇಳುವುದನ್ನು ಕಲಿಸುವುದೇನು ಮಹಾ ಅನಿಸಿತು. ಕಲಿಸಿಯೂ ಕಲಿಸಿದರು. ಒಂದು ವಾರ ಚಡ್ಡಿ ಒದ್ದೆಯಾಗದೆ ಉಳಿದದ್ದೇ ತಡ, ಅತ್ತೆಗೆ ಫೋನು ಮಾಡಿ, ನಿಮ್ಮ ಮೊಮ್ಮಗಳು ಇನ್ನು ಯಾವ ಮಹಾರಾಣಿಯ ಸೋಫಾದ ಮೇಲೆ ಬೇಕಾದರೂ ಕೂರಬಹುದು ಎಂದು ಹೇಳಿಬಿಟ್ಟರು.

ಮದುವೆಯಾದಾಗಿನಿಂದ ಅಳಿಯನನ್ನು ಅತ್ತೆ ಒಮ್ಮೆಯೂ ಹೊಗಳಿದವರಲ್ಲ. ಅವರು, "ವಿಮಾನದಲ್ಲಿ ಕರ್ಕೊಂಡು ಬನ್ನಿ, ನೋಡೋಣ" ಅಂದರು. ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸಲು ಇದಕ್ಕಿಂತ ಒಳ್ಳೆ ಸಂದರ್ಭ ಸಿಗದೆಂದು ಮೇಷ್ಟ್ರು ಟಿಕೆಟು ತೆಗೆದರು.

ವಿಮಾನದಲ್ಲಿ ಗುಬ್ಬಿಯ ಸೀಟು ನಡುವೆ. ಕಿಟಕಿಯ ಪಕ್ಕ ಕೆಲಸದಿಂದ ನಿವೃತ್ತರಾದ ನರ್ಸಮ್ಮ ಕೂತು ಉಣ್ಣೆ ಹೆಣೆಯುತ್ತಿದ್ದರು. ಓಡಾಡುವ ದಾರಿಯ ಆಚೆ ಬದಿಗೆ ಸೋಫಾ ಅಂಗಡಿಯ ಸಾಹುಕಾರರು ಎರಡು ಸೀಟಿಗಾಗುವಷ್ಟು ಮೈಯನ್ನು ಒಂದರಲ್ಲಿ ತುರುಕಿಕೊಂಡಿದ್ದರು. ತಾನು ನಾಲ್ಕು ಮಕ್ಕಳ ತಂದೆ ಎಂಬುದನ್ನು ಅವರು ಬೆಲ್ಟು ಹಾಕಿಕೊಳ್ಳುವ ಮೊದಲೇ ತಿಳಿಸಿದರು.

ವಿಮಾನ ಮೇಲೇರಿದ ಮೇಲೆ ಮೇಷ್ಟ್ರು ಮುನ್ನೆಚ್ಚರಿಕೆಯಿಂದ ಮಗಳನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋದರು. ಅದು ಬಟ್ಟೆಯ ಬೀರುವಿನಷ್ಟಿತ್ತು. ಗುಬ್ಬಿಯನ್ನು ಕೂರಿಸಿ, ತಾವು ಬಾಗಿ, ಕಾಗದಕ್ಕೆ ಕೈ ಚಾಚುವಾಗ ಮೊಣಕೈ ಫ್ಲಶ್ಶಿನ ಗುಂಡಿಗೆ ತಗುಲಿ, ಕೆಳಗಿನಿಂದ ಹುಲಿ ಗರ್ಜಿಸಿದಂತೆ ಸದ್ದಾಯಿತು. ಗುಬ್ಬಿ ಅಪ್ಪನ ಕುತ್ತಿಗೆಗೆ ಉಡದಂತೆ ಕಚ್ಚಿಕೊಂಡಳು.

"ಅದು ನನ್ನ ನುಂಗುತ್ತೆ. ನಾನು ಇಳಿದ್ಮೇಲೆ ಮಾಡ್ತೀನಿ."

ಎಷ್ಟು ಪುಸಲಾಯಿಸಿದರೂ ಕೇಳಲಿಲ್ಲ. ಬಂದು ಕೂತು, ಮೇಷ್ಟ್ರು ಬೇರೆ ಕಡೆ ನೋಡುತ್ತಿದ್ದಾಗ, ಕೊಟ್ಟ ಹಣ್ಣಿನ ರಸವನ್ನೆಲ್ಲ ಕುಡಿದು ಲೋಟ ಕೆಳಗಿಟ್ಟಳು.

ಅಲ್ಲಿಂದ ನೆರೆಹೊರೆಯವರು ಗುಬ್ಬಿಯನ್ನು ವಹಿಸಿಕೊಂಡರು. ಮಗು ಕಾಲು ಹೆಣೆದುಕೊಳ್ಳುತ್ತಿದೆ ನೋಡಪ್ಪ, ಇನ್ನು ಬಹಳ ಹೊತ್ತಿಲ್ಲ ಎಂದು ನರ್ಸಮ್ಮ ಹೆಣಿಗೆಯಿಂದ ಕಣ್ಣೆತ್ತದೆ ಎಚ್ಚರಿಸಿದರು. ಅದೆಲ್ಲ ಮನಸ್ಸಿನ ಆಟ, ಒಂದು ಕತೆ ಹೇಳಿ ಮರೆಸಿ ಎಂದು ಸಾಹುಕಾರರು ಹೇಳಿದರು. ಮೇಷ್ಟ್ರು ಒಂದು ಕರಡಿಯ ಕತೆ ತೆಗೆದರು. ಕರಡಿ ಕಾಡಿನಿಂದ ಹೊರಟಿತು, ಬೆಟ್ಟ ಇಳಿಯಿತು, ಅದು ಹೇಗೋ ಒಂದು ಹೊಳೆಯ ಹತ್ತಿರ ಬಂದುಬಿಟ್ಟಿತು. ಹೊಳೆ ಜುಳುಜುಳು ಹರಿಯತೊಡಗಿದ ಕೂಡಲೇ ನರ್ಸಮ್ಮ ಸೂಜಿ ನಿಲ್ಲಿಸಿ ದುರುಗುಟ್ಟಿ ನೋಡಿದರು. ಮೇಷ್ಟ್ರು ಗಾಬರಿಯಾಗಿ ಹೊಳೆಯನ್ನು ಒಣಗಿಸಿದರು. ಆದರೆ ಗುಬ್ಬಿಯ ಮುಖದಲ್ಲಿ ಆಗಲೇ ಬೇರೊಂದು ಗಾಂಭೀರ್ಯ ಬಂದಿತ್ತು.

"ಅಪ್ಪ, ಹುಲಿ ಇದ್ರೂ ಪರವಾಗಿಲ್ಲ."

ಮೇಷ್ಟ್ರು ಅವಳನ್ನು ಎತ್ತಿಕೊಂಡು ಓಡಿದರು. ಟಾಯ್ಲೆಟ್ಟಿನ ಬಾಗಿಲಲ್ಲಿ ಕೆಂಪು ದೀಪ. ಇನ್ನೊಂದರಲ್ಲೂ ಕೆಂಪು ದೀಪ. ಜೀವಮಾನವೆಲ್ಲ ಕೆಂಪು ದೀಪಕ್ಕೆ ನಿಲ್ಲಬೇಕೆಂದು ಪಾಠ ಹೇಳಿದವರು ನಿಂತರು. ಒಳಗಿದ್ದವರು ಯಾರೋ ನಿಧಾನವಾಗಿ ಕೆಮ್ಮುತ್ತಿದ್ದರು. ಮೇಷ್ಟ್ರು ಬಾಗಿಲು ತಟ್ಟಿದರು. ಒಳಗಿನವರು ಕೆಮ್ಮನ್ನೇ ಉತ್ತರವಾಗಿ ಕೊಟ್ಟರು. ಗುಬ್ಬಿ ಅಪ್ಪನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು.

"ಅಪ್ಪ, ಈಗ ಬರ್ತಿಲ್ಲ."

ಅಷ್ಟರಲ್ಲಾಗಲೇ ಮೇಷ್ಟ್ರ ಹೊಟ್ಟೆಯ ಮೇಲೆ ಏನೋ ಬೆಚ್ಚಗಾಗಿ, ಅಲ್ಲಿಂದ ಪ್ಯಾಂಟಿಗೆ ಇಳಿದು, ಎಡಗಾಲಿನ ಶೂ ಸೇರಿತ್ತು.

ಬಾಗಿಲು ತೆರೆಯಿತು. ಸೋಫಾ ಅಂಗಡಿಯ ಸಾಹುಕಾರರು ಹೊರಬಂದು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಒಂದು ನಿಮಿಷ ತಡೆದುಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಮರುಕಪಟ್ಟರು.

ಮಗಳ ಬದಲಿ ಬಟ್ಟೆಯೆಲ್ಲ ಸೂಟ್‌ಕೇಸಿನಲ್ಲಿ, ಸೂಟ್‌ಕೇಸು ವಿಮಾನದ ಹೊಟ್ಟೆಯಲ್ಲಿ. ಮೇಷ್ಟ್ರು ಬೀರುವಿನೊಳಗೆ ನಿಂತು ಮಗಳನ್ನು ತೊಳೆದರು. ಅಳುತ್ತಿದ್ದವಳಿಗೆ, ಕಲಿಯುವಾಗ ಎಲ್ಲರ ಗಾಡಿಯೂ ಒಂದು ಸಲ ಚರಂಡಿಗೆ ಇಳಿಯುತ್ತೆ ಎಂದು ಸಮಾಧಾನ ಹೇಳಿದರು. ಗಗನಸಖಿ ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಕವರು ತಂದುಕೊಟ್ಟಳು. ನರ್ಸಮ್ಮ ಬಾಗಿಲ ಸಂದಿಯಿಂದ ಕೈ ತೂರಿಸಿ, ತಮ್ಮ ಮೊಮ್ಮಗಳಿಗೆಂದು ಹೆಣೆದಿಟ್ಟ ಕೆಂಪು ಉಣ್ಣೆ ಫ್ರಾಕು, ಅದಕ್ಕೆ ಜೋಡಿ ಚಡ್ಡಿ ಕೊಟ್ಟರು. ಬೇಡವೆಂದರೂ ಬಿಡಲಿಲ್ಲ, ಇನ್ನೊಂದು ಹೆಣೆಯಲು ತಮಗೂ ಒಂದು ನೆವ ಬೇಕು ಅಂದರು. ಗುಬ್ಬಿ ಫೋಟೋ ತೆಗೆಸಿಕೊಳ್ಳಲು ಹೊರಟವಳ ಹಾಗೆ ಹೊರಬಂದಳು.

ಮೇಷ್ಟ್ರಿಗೆ ಹೊಂದುವ ಫ್ರಾಕು ನರ್ಸಮ್ಮನ ಹತ್ತಿರ ಇರಲಿಲ್ಲ. ಬೂದು ಬಣ್ಣದ ಪ್ಯಾಂಟಿನ ಮುಂಭಾಗದಲ್ಲಿ ಒಂದು ದ್ವೀಪದ ನಕ್ಷೆ ಮೂಡಿತ್ತು. ಅದಕ್ಕೂ ಸಾಹುಕಾರರ ಹತ್ತಿರ ಉಪಾಯವಿತ್ತು. ಸುತ್ತಲೂ ಒಣಗಿರುವುದರಿಂದಲೇ ಒದ್ದೆ ಕಣ್ಣಿಗೆ ಬೀಳುತ್ತೆ ಸಾರ್, ಪೂರ್ತಿ ಒದ್ದೆ ಮಾಡಿಬಿಟ್ಟರೆ ಕುಡಿಯುವ ನೀರು ಚೆಲ್ಲಿತು ಅನ್ನಬಹುದು ಎಂದು ವಿವರಿಸಿದರು. ಮಾಮೂಲಿ ದಿನವಾಗಿದ್ದರೆ ಮೇಷ್ಟ್ರು ನಕ್ಕುಬಿಡುತ್ತಿದ್ದರು. ಆದರೆ ಆ ಹೊತ್ತಿಗೆ ಸ್ಟೇರಿಂಗು ಅವರ ಕೈಯಲ್ಲಿರಲಿಲ್ಲ. ಟಾಯ್ಲೆಟ್ಟಿಗೆ ಮರಳಿ, ನಲ್ಲಿ ಒತ್ತಿ ಒತ್ತಿ, ಕಾಲರಿನಿಂದ ಮೊಣಕಾಲಿನವರೆಗೆ ನೀರು ಹಚ್ಚಿಕೊಂಡು ಬಂದರು.

ಸಾಹುಕಾರರ ಲೆಕ್ಕದಲ್ಲಿ ಒಂದು ಸಣ್ಣ ತಪ್ಪಿತ್ತು. ವಿಮಾನದ ತಣ್ಣನೆ ಗಾಳಿಗೆ ಮೇಷ್ಟ್ರು ಗಡಗಡ ನಡುಗುತ್ತಾ ಕೂತರು. ತೆಳು ಅಂಗಿ ಇಳಿಯುವಷ್ಟರಲ್ಲಿ ಚೆನ್ನಾಗಿ ಒಣಗಿತು. ದಪ್ಪ ಬಟ್ಟೆಯ ಪ್ಯಾಂಟು ಒಣಗಲಿಲ್ಲ. ಮೊದಲು ದ್ವೀಪವಿದ್ದ ಕಡೆ ಈಗ ಸೊಂಟದಿಂದ ಮೊಣಕಾಲಿನವರೆಗೆ ಸಮುದ್ರ. ಸೂಟ್‌ಕೇಸು ಸಿಕ್ಕರೆ ಬದಲಾಯಿಸಿಕೊಳ್ಳೋಣ ಎಂದು ಸಾಮಾನು ಬರುವ ಪಟ್ಟಿಯ ಮುಂದೆ ಕಾದರು. ಎಲ್ಲರದೂ ಬಂತು, ಅವರದು ಬರಲಿಲ್ಲ. ಮುಂದಿನ ವಿಮಾನದಲ್ಲಿ ಬರುತ್ತೆ, ಮನೆಗೇ ಕಳಿಸುತ್ತೇವೆ ಎಂದು ಅಲ್ಲಿನವನು ಮೇಷ್ಟ್ರ ಮುಖ ಬಿಟ್ಟು ಪ್ಯಾಂಟನ್ನೇ ನೋಡುತ್ತಾ ಹೇಳಿದ.

ಹೊರಗೆ ಹೆಂಡತಿ, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿದ ಅತ್ತೆ. ಅತ್ತೆ ಮೊಮ್ಮಗಳನ್ನು ಬರಸೆಳೆದು ಮುದ್ದಿಸುವ ನೆಪದಲ್ಲಿ ಫ್ರಾಕಿನ ಹಿಂದೆ ಕೈಯಾಡಿಸಿದರು. ಒಣಗಿತ್ತು. ಮುಖ ಅರಳಿತು. ಆಮೇಲೆ ಅಳಿಯನ ಕಡೆ ತಿರುಗಿ ಕನ್ನಡಕ ತೆಗೆದರು. ಆಪರೇಷನ್ ಬಹಳ ಚೆನ್ನಾಗಿ ಆಗಿತ್ತು.

"ಇದೇನು ಅಳಿಯಂದಿರೇ?"

"ನೀರು ಚೆಲ್ಲಿತು, ಅತ್ತೆ."

"ನೀರಲ್ಲ ಅಜ್ಜಿ," ಎಂದಳು ಗುಬ್ಬಿ. ಸುಳ್ಳು ಹೇಳಬಾರದೆಂದು ಅವಳಿಗೆ ಅಪ್ಪನೇ ಕಲಿಸಿದ್ದರು. "ಒಂದಕ್ಕೆ."

ಅತ್ತೆ ಇಬ್ಬರನ್ನೂ ನೋಡಿದರು. "ಯಾರದು?"

ಗುಬ್ಬಿಯ ಕೆಳತುಟಿ ಮುಂದೆ ಬಂದು ನಡುಗತೊಡಗಿತು. ಕೈ ಅಪ್ಪನ ಬೆರಳನ್ನು ಹುಡುಕಿ ಹಿಡಿದುಕೊಂಡಿತು. ಮೇಷ್ಟ್ರು ಆ ತುಟಿಯನ್ನು ನೋಡಿದರು, ಅತ್ತೆಯನ್ನು ನೋಡಿದರು.

"ನಂದೇ," ಅಂದರು.

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ಅತ್ತೆ ಬಾಡಿಗೆ ಕಾರಿನ ಹಿಂದಿನ ಸೀಟಿನ ಮೇಲೆ, ಮೊಮ್ಮಗಳಿಗೆಂದು ತಂದಿದ್ದ ದಪ್ಪ ಟವೆಲು ಹಾಸಿ, ಅದರ ಮೇಲೆ ಅಳಿಯನನ್ನು ಕೂರಿಸಿ, ತಾವು ಡ್ರೈವರನ ಪಕ್ಕ ಮುಂದೆ ಕೂತು ತಮ್ಮ ಮಗನಿಗೆ ಫೋನು ಹಚ್ಚಿದರು.

ಮಗುವಿನ ವಿಷಯದಲ್ಲಿ ಅಳಿಯಂದಿರು ಹೇಳಿದ್ದೆಲ್ಲ ನಿಜ, ಇಷ್ಟು ದೂರ ಬಂದರೂ ಒಂದು ತೊಟ್ಟು ಇಲ್ಲ, ಅವರಂಥ ಮೇಷ್ಟ್ರು ಎಲ್ಲೂ ಸಿಗೋದಿಲ್ಲ ಎಂದು ಅತ್ತೆ ಹೇಳುವುದು ಮೇಷ್ಟ್ರ ಕಿವಿಗೆ ಬಿತ್ತು. ಮದುವೆಯಾದ ಮೇಲೆ ಕೇಳಿದ ಮೊದಲ ಹೊಗಳಿಕೆ. ಟವೆಲಿನ ಮೇಲೆಯೇ ಅವರ ಎದೆ ಉಬ್ಬಿತು. ಅತ್ತೆ ಮುಂದುವರಿಸಿದರು: ಆದ್ದರಿಂದ ನಿನ್ನ ಅವಳಿ ಗಂಡುಮಕ್ಕಳನ್ನೂ ಭಾನುವಾರ ಅವರ ಜೊತೆಯಲ್ಲೇ ಕಳಿಸಿಬಿಡು, ಎರಡು ತಿಂಗಳು ಇದ್ದು ಕಲಿತು ಬರಲಿ. ವಿಮಾನದಲ್ಲಿ ಇಬ್ಬರ ನಡುವೆ ಅಳಿಯಂದಿರ ಸೀಟು ಇರುವ ಹಾಗೆ ನೋಡಿಕೋ.

ಮೇಷ್ಟ್ರು ನಿಜ ಹೇಳಿಬಿಡಲು ಬಾಯಿ ತೆರೆದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೆಲ್ಲಗೆ ತೊಡೆ ಚಿವುಟಿದಳು.

"ಗುಬ್ಬಿ ಚಡ್ಡಿ ಕವರಿಂದ ಇಣುಕ್ತಿದೆ, ನೋಡ್ದೆ," ಎಂದು ಪಿಸುಗುಟ್ಟಿದಳು. "ಈಗ ಬಾಯಿ ಬಿಟ್ರೆ ಕಲಿಸಿದ್ದೂ ಸುಳ್ಳು, ಒಪ್ಕೊಂಡಿದ್ದೂ ಸುಳ್ಳು ಆಗುತ್ತೆ. ಸುಮ್ನಿರಿ."

ಮೇಷ್ಟ್ರು ಬಾಯಿ ಮುಚ್ಚಿದರು. ಅತ್ತೆ ಫೋನು ಇಟ್ಟು, ಹಿಂದಕ್ಕೆ ತಿರುಗಿ, ಯಾವತ್ತೂ ಇಲ್ಲದ ಅಕ್ಕರೆಯಿಂದ ಕೇಳಿದರು:

"ಅವಳಿಗಳಿಗೆ ಎರಡೆರಡು ಜತೆ ಬಟ್ಟೆ ಹೆಚ್ಚಿಗೆ ಇಡಿಸ್ತೀನಿ. ನಿಮಗೆ ಎಷ್ಟು ಜತೆ ಬೇಕಾಗುತ್ತೆ, ಸಂಕೋಚ ಇಲ್ದೆ ಹೇಳಿ."