ಅಳತೆ ರಾಯರ ಸಮಾನತೆಯ ಪಿಯಾನೋ

ಮೂವತ್ತೆರಡು ವರ್ಷಗಳ ದಾಂಪತ್ಯದಲ್ಲಿ ಅಳತೆ ರಾಯರ ಹೆಂಡತಿ ಯಾವ ಮಾತಿಗೂ ಒಂದೇ ಸಲಕ್ಕೆ ಒಪ್ಪಿದವರಲ್ಲ. ಆದ್ದರಿಂದ, ತಮ್ಮ ಪಿಯಾನೋದ ಕೀಗಳನ್ನೆಲ್ಲ ಕಿತ್ತು ಗಂಡ ಹೊಸವನ್ನು ಕೂರಿಸಿದ ದಿನ ಆಕೆ "ಆಗಲಿ ಬಿಡಿ, ಚೆನ್ನಾಗಿದೆ" ಎಂದು ನಕ್ಕಾಗ ರಾಯರಿಗೆ ಸಂಶಯ ಹುಟ್ಟಿತು.

ರಾಯರು ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದವರು. ಹೆಂಡತಿ ಸಂಗೀತ ಶಾಲೆಯೊಂದರಲ್ಲಿ ಪಿಯಾನೋ ಟೀಚರು. ಕರಿ ಕೀಗಳು ಒಂದೆಡೆ ಎರಡು, ಇನ್ನೊಂದೆಡೆ ಮೂರು ಎಂದು ಗುಂಪುಕಟ್ಟಿಕೊಂಡು ಕೂತಿರುವುದು ರಾಯರಿಗೆ ಶುದ್ಧ ಅನ್ಯಾಯವಾಗಿ ಕಂಡಿತ್ತು. ಅವರ ಮಹಾ ಆವಿಷ್ಕಾರದಲ್ಲಿ ಒಂದು ಬಿಳಿ, ಒಂದು ಕರಿ, ಕೊನೆಯವರೆಗೂ ಹಾಗೆಯೇ. ಒಂದು ಬಿಳಿ ಕೀ ಆಚೆ ಸರಿದು ಅದೇ ಬೆರಳುಗಳನ್ನು ಆಡಿಸಿದರೆ ಅದೇ ಹಾಡು, ಮೇಲಿನ ಶ್ರುತಿಯಲ್ಲಿ! ಭಾನುವಾರ ಆ ಶಾಲೆಯ ಮುಖ್ಯಸ್ಥೆ ಬಂದು ಮೆಚ್ಚಿದರೆ ಶಾಲೆಯ ಹತ್ತು ಪಿಯಾನೋಗಳಿಗೂ ಇದೇ ಭಾಗ್ಯ. (ರಾಯರಿಗೆ ನುಡಿಸಲು ಬರುತ್ತಿರಲಿಲ್ಲ. ಅದೊಂದು ಕೊರತೆಯೆಂದು ಅವರಿಗೆ ತೋರಿರಲೂ ಇಲ್ಲ.)

ಹೆಂಡತಿ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ಕೂತರು. ರಾಯರ ಸಂಶಯ ಇಮ್ಮಡಿಯಾಯಿತು.

"ಬಾಗಿಲು ಯಾಕೆ ಹಾಕ್ಕೋತೀಯ?"

"ನೀವು ಅಳೆಯೋಕೆ ಸ್ಕೇಲು ಹಿಡ್ಕೊಂಡು ಬರ್ತೀರಲ್ಲ, ಅದಕ್ಕೆ."

"ಏನೋ ಮುಚ್ಚಿಡ್ತಿದ್ದೀಯ ನೀನು."

"ಹೌದು ರೀ, ನನ್ನ ಸಿಟ್ಟನ್ನ."

ಭಾನುವಾರ ಬೆಳಿಗ್ಗೆ ಆಕೆ ಸ್ನಾನಕ್ಕೆ ಹೋದದ್ದೇ ತಡ, ರಾಯರು ಒಳನುಗ್ಗಿದರು. ಅಲ್ಲೊಂದು ಇಲ್ಲೊಂದು ಕೀ ಮೇಲೆ ಅಂಗಿಯ ಗುಂಡಿ ಅಂಟಿಸಿದೆ! ಪಿತೂರಿ! ಮುಖ್ಯಸ್ಥೆಯ ಮುಂದೆ ತಮ್ಮ ಆವಿಷ್ಕಾರವನ್ನು ಗೇಲಿ ಮಾಡುವ ಹುನ್ನಾರ! ಚಾಕುವಿನಿಂದ ಒಂದೊಂದನ್ನೂ ಎಬ್ಬಿಸಿ, ಕೀಗಳನ್ನು ಫಳಫಳ ಒರೆಸಿ, ಏನೂ ಅರಿಯದವರಂತೆ ಪತ್ರಿಕೆ ಹಿಡಿದರು.

ಸಂಜೆ ಮುಖ್ಯಸ್ಥೆ ಬಂದರು. "ನೀವು ನುಡಿಸಿ, ನಾನು ಹಾಡ್ತೀನಿ" ಎಂದರು. ಹೆಂಡತಿ ಪಿಯಾನೋದ ಮುಂದೆ ಕೂತು ಬೆಪ್ಪಾದರು.

"ರೀ, ಗುಂಡಿ ಎಲ್ಲಿ?"

"ಯಾವ ಗುಂಡಿ?"

"ಎಲ್ಲ ಕೀನೂ ಒಂದೇ ಥರ ಇದೆಯಲ್ಲ, 'ಸ' ಎಲ್ಲಿದೆ ಅಂತ ಬೆರಳಿಗೆ ತಿಳೀಲಿ ಅಂತ ಅಂಟಿಸಿದ್ದೆ. ನಿಮ್ಮ ಮಾನ ಉಳಿಸೋಕೆ!"

ರಾಯರು ಪತ್ರಿಕೆಯನ್ನು ಮುಖದವರೆಗೆ ಏರಿಸಿದರು.

ಹೇಗೋ ಮೊದಲ ಚರಣ ಮುಗಿಯಿತು. ಪುಟ ತಿರುವಿ ಕೈ ಇಳಿಸಿದಾಗ ಅದು ಒಂದು ಬಿಳಿ ಕೀ ಆಚೆ ಬಿತ್ತು. ಹಾಡಿನಲ್ಲಿ ಒಂದಿಷ್ಟೂ ತಪ್ಪಿಲ್ಲ, ಶ್ರುತಿ ಮಾತ್ರ ಏರಿತ್ತು. ಮುಖ್ಯಸ್ಥೆ ಕತ್ತು ನಿಗುರಿಸಿ ಹಾಡಿದರು. ಮೂರನೆಯ ಚರಣಕ್ಕೆ ತಿದ್ದಲು ಹೋದ ಕೈ ಇನ್ನೂ ಆಚೆ ಬಿತ್ತು. ಮುಖ್ಯಸ್ಥೆ ತುದಿಗಾಲಲ್ಲಿ ನಿಂತರು. ನಾಲ್ಕನೆಯದರಲ್ಲಿ ಅವರ ಗಂಟಲಿನಿಂದ ಹೊರಟದ್ದು ಎಣ್ಣೆ ಕಾಣದ ಬಾಗಿಲಿನ ಕಿರುಗುಟ್ಟುವಿಕೆ.

ಒಂದು ಲೋಟ ನೀರು ಕುಡಿದು, ಉಳಿದಷ್ಟು ದನಿಯಲ್ಲಿ ಅವರೆಂದರು: "ರಾಯರೇ, ಇದನ್ನ ಮಾಡಿದೋರು ನೀವು. ನಡುವಿನ 'ಸ' ಒಂದನ್ನ ಒತ್ತಿ ತೋರಿಸಿಬಿಡಿ. ಹತ್ತೂ ಪಿಯಾನೋ ಕೊಟ್ಟುಬಿಡ್ತೀನಿ."

ಇಷ್ಟೇ ತಾನೆ! ರಾಯರು ಗಂಭೀರವಾಗಿ ಬಾಗಿ ಒಂದು ಬಿಳಿ ಕೀ ಒತ್ತಿದರು.

"ಅಲ್ಲ" ಎಂದರು ಹೆಂಡತಿ.

ಪಕ್ಕದ್ದನ್ನು ಒತ್ತಿದರು.

"ಅದೂ ಅಲ್ಲ."

ರಾಯರು ಕನ್ನಡಕ ಒರೆಸಿಕೊಂಡು, ಸ್ಕೇಲು ತರಿಸಿ, ಎಡತುದಿಯಿಂದ ಅಳೆಯತೊಡಗಿದರು. ಕೊನೆಗೂ ಹೆಂಡತಿಯ ಬಾಯಿಂದ "ಹಾಂ, ಅದೇ" ಎಂಬ ಮಾತು ಹೊರಟಾಗ ವಿಜಯೋತ್ಸಾಹದಿಂದ ತಲೆಯೆತ್ತಿದರು. ಮುಖ್ಯಸ್ಥೆ ಕೂತಿದ್ದ ಕುರ್ಚಿಯಲ್ಲಿ ಖಾಲಿ ಲೋಟವೊಂದೇ ಇತ್ತು.